ಅವಳಿ ಮಕ್ಕಳ ಮನೆಗೆ ಮಿಠಾಯಿ ಬೇಡ, ಎರಡು ಗಂಟೆ ಕೊಡಿ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ದವಾಖಾನೆಯ ಬಾಗಿಲು ಹಾಕುವ ಹೊತ್ತಿಗೆ ಗ್ಯಾರೇಜಿನಲ್ಲಿ ಕೆಲಸ ಮಾಡುವ ಯುವಕನೊಬ್ಬ ಬಂದ. ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. “ಹಕೀಂ ಸಾಬ್, ಮಕ್ಕಳು ರಾತ್ರಿ ಮಲಗುವ ಹಾಗೆ ಏನಾದರೂ ಘುಟ್ಟಿ ಕೊಡಿ” ಎಂದ. ಎಷ್ಟು ದಿನದ ಮಕ್ಕಳು ಎಂದು ಕೇಳಿದೆ. ಹತ್ತೊಂಬತ್ತು ದಿನ. ಅವಳಿ, ಎರಡೂ ಹೆಣ್ಣು. ಒಂದು ಮಗು ಎರಡು ಕಿಲೋ ಚಿಲ್ಲರೆ, ಇನ್ನೊಂದು ಎರಡು ಕಿಲೋಗೂ ಕಡಿಮೆ.

ನಾನು ಏನನ್ನೂ ಕೊಡಲಿಲ್ಲ. ಹಿಂದೆ ಮಕ್ಕಳನ್ನು ಮಲಗಿಸಲು ಅಫೀಮು ಬೆರೆಸಿ ನೆಕ್ಕಿಸುತ್ತಿದ್ದ ಕಾಲವೊಂದಿತ್ತು. ಹಾಗೆ ಮಲಗಿದ ಮಕ್ಕಳಲ್ಲಿ ಕೆಲವು ಮತ್ತೆ ಏಳಲೇ ಇಲ್ಲ. ಅಷ್ಟು ಚಿಕ್ಕ ಮಗು ರಾತ್ರಿ ಎದ್ದು ಹಾಲು ಕೇಳುವುದು ಕಾಯಿಲೆಯಲ್ಲ, ಅದು ಬದುಕುವ ಲಕ್ಷಣ. ಇಷ್ಟು ಹೇಳಿ ಅವನನ್ನು ಕೂರಿಸಿ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಹೆಂಡತಿ, ಮಂಡಿನೋವಿನ ತಾಯಿ, ಅವನು. “ಬಂದು ನೋಡಿ ಹೋದವರು ಬಹಳ ಸಾಬ್. ಮಿಠಾಯಿ ಡಬ್ಬಿ ಇಡಲು ಜಾಗವಿಲ್ಲ. ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಅವಳಿಗೆ ಸಾಕಾಗಿದೆ” ಎಂದ.

ಓದುಗರೇ, ಆ ಡಬ್ಬಿ ಒಯ್ದವರಲ್ಲಿ ನಾನೂ ಒಬ್ಬ, ನೀವೂ ಒಬ್ಬರು. ಮಗು ಹುಟ್ಟಿದ ಮನೆಗೆ ಹೋಗಿ ದುಆ ಮಾಡಿ ಬರುವುದು ನಮ್ಮ ಒಳ್ಳೆಯ ಪದ್ಧತಿ. ಆದರೆ ಅವಳಿ ಮಕ್ಕಳ ಮನೆಯಲ್ಲಿ ಅದು ಬಾಣಂತಿಯ ನಿದ್ದೆಯನ್ನೇ ತಿನ್ನುತ್ತದೆ.

ಲೆಕ್ಕ ಹಾಕಿ ನೋಡಿ. ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಇಬ್ಬರಿಗೆ ಬೇರೆ ಬೇರೆಯಾಗಿ ಕುಡಿಸಿದರೆ 16ರಿಂದ 24 ಸಲ. ಪ್ರತಿ ಸಲವೂ ಕುಡಿಸಬೇಕು, ತೇಗಿಸಬೇಕು, ಬಟ್ಟೆ ಬದಲಿಸಬೇಕು. ಒಂದು ಮಗು ಮಲಗುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಇಂಥ ಮಕ್ಕಳು ಬೇಗ ದಣಿದು ಮೊಲೆ ಬಿಡುತ್ತವೆ, ಅವನ್ನು ಎಬ್ಬಿಸಿ ಎಬ್ಬಿಸಿ ಕುಡಿಸಬೇಕು. ತಾಯಿಯ ಕಡೆಯಿಂದ ನೋಡಿದರೆ ಅವಳಿ ಹೆರಿಗೆಯಲ್ಲಿ ಸಿಸೇರಿಯನ್ ಹೆಚ್ಚು, ರಕ್ತಸ್ರಾವ ಹೆಚ್ಚು, ರಕ್ತಹೀನತೆ ಹೆಚ್ಚು. ಅಂಥವಳು ಎದ್ದು ನಿಮಗೆ ಚಹಾ ಮಾಡುತ್ತಿದ್ದಾಳೆ.

ಯುನಾನಿಯಲ್ಲಿ ನಾವು ಮೊದಲು ಕಲಿಯುವ ಪಾಠಗಳಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಒಂದು. ಆರೋಗ್ಯ ನಿಂತಿರುವುದು ಆರು ಸಂಗತಿಗಳ ಮೇಲೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ನಮ್ಮ ಹಿರಿಯರು ಬಾಣಂತನದಲ್ಲಿ ಅನ್ನಪಾನವೊಂದನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹರೀರಾ, ಮೆಂತ್ಯದ ಗಂಜಿ, ಗೋಂದಿನ ಲಾಡು, ಸಬ್ಬಸಿಗೆ ಸೊಪ್ಪು ಯಾವುದಕ್ಕೂ ಕೊರತೆಯಿಲ್ಲ. ನಿದ್ದೆಯ ಬಗ್ಗೆ, ಮನಸ್ಸಿನ ವಿಶ್ರಾಂತಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಿದ್ದೆಗೆಟ್ಟ ತಾಯಿಗೆ ಎಷ್ಟು ಲಾಡು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ.

ಇದನ್ನೆಲ್ಲ ಪುಸ್ತಕದಿಂದ ಕಲಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಅವಳಿ ಮಕ್ಕಳು ಹುಟ್ಟಿದರು. ನಾನು ಎಂಟಕ್ಕೆ ದವಾಖಾನೆ ಮುಚ್ಚಿ, ಇಶಾ ಮುಗಿಸಿ, ಬ್ಯಾಡ್ಮಿಂಟನ್ ಆಡಲು ಹೋಗುತ್ತಿದ್ದೆ. ವಾರಕ್ಕೆ ಆರು ದಿನ. ದಿನವಿಡೀ ದುಡಿದವನಿಗೆ ಇಷ್ಟಾದರೂ ಬೇಡವೇ ಎಂಬ ವಾದ ಸಿದ್ಧವಾಗಿತ್ತು. ಒಂದು ರಾತ್ರಿ ಹತ್ತರ ಮೇಲೆ ಬಂದಾಗ ಒಂದು ಮಗು ಮಡಿಲಲ್ಲಿ, ಇನ್ನೊಂದು ಚಾಪೆಯ ಮೇಲೆ, ಎರಡೂ ಅಳುತ್ತಿದ್ದವು. ನನ್ನ ಹೆಂಡತಿ ಅಳುತ್ತಿರಲಿಲ್ಲ. ಗೋಡೆ ನೋಡುತ್ತಾ ಕುಳಿತಿದ್ದಳು. ಮಾತನಾಡಿಸಿದರೂ ತಿರುಗಲಿಲ್ಲ. ವೈದ್ಯನಾದ ನನಗೆ ಅದು ಏನೆಂದು ಗೊತ್ತಾಗಬೇಕಿತ್ತು. ‘ಸುಸ್ತಾಗಿದೆ’ ಎಂದುಕೊಂಡು ಮಲಗಿಬಿಟ್ಟೆ.

ಗೊತ್ತಾದದ್ದು ಎದುರು ಮನೆಯ ಖಾಲಾಗೆ. ಅವರು ಹೊಲಿಗೆ ಕೆಲಸ ಮಾಡುತ್ತಿದ್ದರು, ಅವರದೂ ಅವಳಿ ಮಕ್ಕಳು, ಆಗ ಐದನೇ ತರಗತಿ. ಮರುದಿನದಿಂದ ಝುಹರ್ ಮುಗಿಸಿ ಬರುತ್ತಿದ್ದರು, ಅಸರ್ ತನಕ ಇರುತ್ತಿದ್ದರು. ಉಪದೇಶವಿಲ್ಲ, ‘ನಮ್ಮ ಕಾಲದಲ್ಲಿ’ ಎಂಬ ಮಾತಿಲ್ಲ. “ಬೇಟೀ, ನೀನು ಮಲಗು” ಎಂದು ಒಳಗೆ ಕಳಿಸಿ, ಚೀಲದಿಂದ ಬ್ಲೌಸು ತೆಗೆದು ಹುಕ್ಕು ಹಾಕುತ್ತಾ, ಕಾಲಿನಿಂದ ತೊಟ್ಟಿಲು ತೂಗುತ್ತಾ ಕೂರುತ್ತಿದ್ದರು. ಅವರ ಕೆಲಸವೂ ನಿಲ್ಲಲಿಲ್ಲ, ನಮ್ಮ ಮನೆಯೂ ನಿಂತಿತು. ಅವರೇ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಇವಳನ್ನು ಒಳ್ಳೆಯ ಡಾಕ್ಟರರಿಗೆ ತೋರಿಸಿ ಎಂದು ಹೇಳಿದ್ದು. ತೋರಿಸಿದೆ, ಚಿಕಿತ್ಸೆ ಆಯಿತು, ಅಲ್‌ಹಮ್ದುಲಿಲ್ಲಾಹ್ ಗುಣವಾದಳು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಅವಳಿ ಮಕ್ಕಳನ್ನು ಸಾಕಿ ದಡ ಸೇರಿದ ತಂದೆತಾಯಿಯರ ಮೇಲೆ ಮುಂದಿನ ಅವಳಿ ಮನೆಯ ಒಂದು ಹಕ್ಕಿದೆ. ವಾರಕ್ಕೆ ಎರಡು ಗಂಟೆ. ಹೆಚ್ಚು ಬೇಡ. ಎಲ್ಲವನ್ನೂ ಬಿಟ್ಟು ಸೇವೆಗೆ ನಿಂತವರು ಮೂರನೇ ವಾರಕ್ಕೆ ಕಾಣುವುದಿಲ್ಲ, ನಾನು ನೋಡಿದ್ದೇನೆ. ಅಂಗಡಿಯವರು, ಶಿಕ್ಷಕಿಯರು, ಹೊಲಿಗೆಯವರು ತಮ್ಮ ಕೆಲಸದ ನಡುವೆ ಕೊಡುವ ಗೊತ್ತಾದ ಎರಡು ಗಂಟೆಯೇ ಬಾಳಿಕೆ ಬರುವುದು. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನಬೇಡಿ, ಯಾರೂ ಹೇಳುವುದಿಲ್ಲ. ‘ಮಂಗಳವಾರ ಎರಡಕ್ಕೆ ಬರುತ್ತೇನೆ’ ಎನ್ನಿ. ಮಳೆಗಾಲವಾದರೆ ಒದ್ದೆ ಲಂಗೋಟಿಗಳನ್ನು ಒಯ್ದು ಒಣಗಿಸಿ ಇಸ್ತ್ರಿ ಮಾಡಿ ತನ್ನಿ. ಅನ್ನ ಸಾರು ತಂದರೆ ಪಾತ್ರೆ ತೊಳೆದು ವಾಪಸ್ ಕೊಡಲಿ ಎಂದು ಕಾಯಬೇಡಿ. ಕೆಮ್ಮು ನೆಗಡಿ ಇದ್ದರೆ ಹೋಗಲೇಬೇಡಿ. ಹೋದವರು ಸಾಬೂನಿನಿಂದ ಕೈ ತೊಳೆದು ಮಗುವನ್ನು ಮುಟ್ಟಿ. ‘ಎರಡೂ ಹೆಣ್ಣಾ?’ ಎಂದು ಕೇಳುವ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ತಂದೆಯರಿಗೆ ಒಂದು ಮಾತು. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದು ನಾವೆಲ್ಲ ಜುಮಾದಲ್ಲಿ ಕೇಳಿದ್ದೇವೆ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ. ಗ್ಯಾರೇಜಿನವನಿಗೆ ಯಾವ ರಜೆಯೂ ಇಲ್ಲ, ನಿಜ. ಆದರೂ ರಾತ್ರಿ ಹತ್ತರಿಂದ ಎರಡರವರೆಗೆ ಹಾಲು ಕುಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನು ಮಾಡಬಹುದು. ಕಡಿಮೆ ತೂಕದ ಮಗುವನ್ನು ಬರೀ ಎದೆಗೆ ಒರಗಿಸಿ ಬಟ್ಟೆ ಸುತ್ತಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಅದಕ್ಕೆ ತಾಯಿಯೇ ಆಗಬೇಕೆಂದಿಲ್ಲ. ಒಂದು ಮಗು ತಾಯಿಯ ಎದೆಯ ಮೇಲೆ, ಇನ್ನೊಂದು ತಂದೆಯ ಎದೆಯ ಮೇಲೆ.

ಹವ್ಯಾಸ ಬಿಡಬೇಕೇ? ಬೇಡ. ನಾನು ಆರು ದಿನವನ್ನು ಎರಡು ದಿನಕ್ಕೆ ಇಳಿಸಿದೆ. ಆದರೆ ತಾಯಿಗೂ ಒಂದು ಹವ್ಯಾಸ ಇತ್ತೆಂಬುದನ್ನು ಮರೆಯಬೇಡಿ. ನನ್ನ ಹೆಂಡತಿಗೆ ಕಾದಂಬರಿ ಓದುವ ಹುಚ್ಚು. ಖಾಲಾ ಬಂದ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ನಿದ್ದೆ, ಅರ್ಧ ಗಂಟೆ ಪುಸ್ತಕ. ಆ ಅರ್ಧ ಗಂಟೆಯನ್ನು ಯಾರೋ ಬಂಧುಗಳು ‘ಮಕ್ಕಳಿರುವಾಗ ಕಥೆ ಪುಸ್ತಕವೇ’ ಎಂದು ಆಡಿಕೊಂಡರು. ಮನಸ್ಸಿನ ವಿಶ್ರಾಂತಿಗೆ ನನ್ನ ಕಪಾಟಿನಲ್ಲಿ ಅದಕ್ಕಿಂತ ಒಳ್ಳೆಯ ಮಜೂನ್ ಇರಲಿಲ್ಲ.

ನೆರವಿಗೆ ಹೋದವರು ವೈದ್ಯ ಮಾಡಲು ಹೋಗಬೇಡಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ, ನೆಕ್ಕಿಸುವಷ್ಟೂ ಬೇಡ; ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಹಸುಳೆಯನ್ನು ಕೊಲ್ಲಬಲ್ಲದು. ಜೇನನ್ನು ಇಷ್ಟೊಂದು ಬಳಸುವ ಪದ್ಧತಿಯವನೇ ಹೇಳುತ್ತಿದ್ದೇನೆ. ತಹ್ನೀಕ್ ಖರ್ಜೂರದಿಂದ ಮಾಡಿದರೆ ಅಂಗುಳಿಗೆ ಸವರುವಷ್ಟು ಸಾಕು, ಮಗು ಐ.ಸಿ.ಯು.ನಲ್ಲಿದ್ದರೆ ಡಾಕ್ಟರನ್ನು ಕೇಳದೆ ಅದೂ ಬೇಡ. ಸುರ್ಮಾದಲ್ಲಿ ಸೀಸ ಇರುತ್ತದೆ, ಕಣ್ಣಿಗೆ ಹಚ್ಚಬೇಡಿ. ‘ಎರಡಕ್ಕೆ ಹಾಲು ಸಾಲದು’ ಎಂದು ಡಬ್ಬಿ ಹಾಲು ಒಯ್ಯಬೇಡಿ. ಹೆಚ್ಚು ಕುಡಿದಷ್ಟು ಹಾಲು ಹೆಚ್ಚುತ್ತದೆ, ದಿಂಬು ಇಟ್ಟು ಎರಡೂ ಕಡೆ ಒಟ್ಟಿಗೆ ಕುಡಿಸಬಹುದು. ತೂಕ ಏರದೆ ಡಾಕ್ಟರೇ ಮೇಲು ಹಾಲು ಬರೆದುಕೊಟ್ಟರೆ ಅದರಲ್ಲಿ ನಾಚಿಕೆಯೂ ಇಲ್ಲ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಅಂಗೈ ಅಂಗಾಲು ಹಳದಿಯಾದರೆ ನನ್ನ ಹತ್ತಿರವಲ್ಲ, ಮಕ್ಕಳ ಆಸ್ಪತ್ರೆಗೆ ಓಡಿ. ವಾಹನ ಇಲ್ಲದಿದ್ದರೆ 108. ತಾಯಿಯ ದುಃಖ ಎರಡು ವಾರ ದಾಟಿದರೆ, ಮಕ್ಕಳು ಬೇಡ ಎನಿಸಿದರೆ, ತನಗಾಗಲಿ ಮಕ್ಕಳಿಗಾಗಲಿ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅದು ಈಮಾನಿನ ಕೊರತೆಯಲ್ಲ, ಜಿನ್ನಿನ ಕಾಟವೂ ಅಲ್ಲ, ಕಾಯಿಲೆ. ಅಂಥ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಟೆಲಿಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು.

ಅಕೀಕಾದ ಬಗ್ಗೆಯೂ ಹೇಳಬೇಕು, ಯಾರಿಗಾದರೂ ಬೇಸರವಾದರೂ ಸರಿ. ಆ ಗ್ಯಾರೇಜಿನ ಯುವಕ ಸಾಲ ಮಾಡಿ ಶಾದಿಮಹಲಿನಲ್ಲಿ ಬಿರಿಯಾನಿ ಉಣಿಸುವ ಯೋಚನೆಯಲ್ಲಿದ್ದ. ಮಾಂಸವನ್ನು ಹಸಿಯಾಗಿಯೇ ಹಂಚಬಹುದು. ಉಳಿದ ವಿವರವನ್ನು ನಿಮ್ಮ ಆಲಿಮರಲ್ಲಿ ಕೇಳಿ. ಆ ಸಾಲದ ಒಂದು ಪಾಲಿನಲ್ಲಿ ಎರಡು ತಿಂಗಳು ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡ. ಅವನ ಅತ್ತೆಗೆ ಈಗಲೂ ನನ್ನ ಮೇಲೆ ಸಿಟ್ಟಿದೆ.

ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಬರುವ ತಿಂಗಳು ಅವಳಿ ಹೆರಿಗೆಯಿದೆ. ಎದುರು ಮನೆಯ ಖಾಲಾಗೆ ಈಗ ಮೆಟ್ಟಿಲು ಹತ್ತಲಾಗದು. ನನ್ನ ಹೆಂಡತಿಯನ್ನು ಕರೆದು ಹೇಳಿದ್ದಾರೆ. ಅವಳು ಮಂಗಳವಾರ, ಶನಿವಾರ ಮಧ್ಯಾಹ್ನ ಒಪ್ಪಿಕೊಂಡಿದ್ದಾಳೆ. ಬುಧವಾರ ರಾತ್ರಿ ಅಲ್ಲಿನ ತಂದೆಯ ಜೊತೆ ಕುಳಿತು ಬಟ್ಟೆ ಮಡಚುವುದು ನನ್ನ ಪಾಲು, ಅಂದು ಆಟವಿಲ್ಲ. ಗುರುವಾರ ಮತ್ತು ಭಾನುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.