ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಕೊಡುವ ಮುನ್ನ



ನಿಮ್ಮಲ್ಲಿ ಹಲವರ ಮನೆಯ ಕಪಾಟಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದು ಧೂಳು ಹಿಡಿದು ಕುಳಿತಿರಬಹುದು. ಆನ್ ಮಾಡಿ, ಚಹಾ ಕುಡಿದು ಬಂದರೂ ಅದಕ್ಕೆ ಇನ್ನೂ ಎಚ್ಚರವಾಗಿರುವುದಿಲ್ಲ. ಸಾಲದ್ದಕ್ಕೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಎಷ್ಟೋ ಹಳೆಯ ಯಂತ್ರಗಳು ಅದಕ್ಕೆ ಒಗ್ಗುವುದಿಲ್ಲ. ಹಾಗಾದರೆ ಹೊಸದು ಕೊಳ್ಳುವುದೊಂದೇ ದಾರಿಯೇ?

ಇನ್ನೊಂದು ದಾರಿಯಿದೆ. ಅದು 2022ರಲ್ಲಿ ಗೂಗಲ್ ಉಚಿತವಾಗಿ ಹೊರತಂದ ಕ್ರೋಮ್‌ಓಎಸ್ ಫ್ಲೆಕ್ಸ್. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್‌ಗಳ ವ್ಯವಸ್ಥೆಯನ್ನೇ ಹಳೆಯ ಯಂತ್ರಗಳಿಗೆ ಹೊಂದಿಸಿ ಇದನ್ನು ಮಾಡಿದ್ದಾರೆ. ಇದರಲ್ಲಿ ಬ್ರೌಸರೇ ಹೆಬ್ಬಾಗಿಲು, ಅದೇ ಚಾವಡಿ. ಪತ್ರ, ಲೆಕ್ಕ, ಚಿತ್ರ ಎಲ್ಲವೂ ಅಲ್ಲೇ ತೆರೆಯುತ್ತವೆ. ಹೆಚ್ಚಿನ ಕೆಲಸ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ನಡೆಯುವುದರಿಂದ ನಮ್ಮ ಯಂತ್ರದ ಹೊರೆ ಹಗುರ. 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್, 4 ಜಿಬಿ ರ್‍ಯಾಮ್, 16 ಜಿಬಿ ಜಾಗ ಇದ್ದರೆ ಸಾಕು.

ನಾನೂ ಒಂದು ಹಳೆಯ ಯಂತ್ರದಲ್ಲಿ ಪ್ರಯತ್ನಿಸಿ ನೋಡಿದೆ. ಇದನ್ನು ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ತುಂಬಿಸಿ, ಅದರಿಂದಲೇ ಲ್ಯಾಪ್‌ಟಾಪ್ ಆರಂಭಿಸಬಹುದು. ಹೀಗೆ ಬರೀ ನೋಡುವಾಗ ಒಳಗಿನ ಕಡತಗಳಿಗೆ ಏನೂ ಆಗುವುದಿಲ್ಲ. ಆದರೆ ಇನ್‌ಸ್ಟಾಲ್ ಮಾಡಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಈಮೇಲ್, ವಿಡಿಯೋ, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಸರಾಗ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡರೆ ಕನ್ನಡದಲ್ಲೇ ಬರೆಯಬಹುದು.

ಕೊರತೆಗಳೂ ಇವೆ. ಟ್ಯಾಲಿ, ಪೇಜ್‌ಮೇಕರ್‌ನಂಥ ವಿಂಡೋಸ್ ತಂತ್ರಾಂಶಗಳನ್ನು ಇದರಲ್ಲಿ ಹಾಕಲಾಗದು. ಮೊಬೈಲಿನ ಪ್ಲೇಸ್ಟೋರ್ ಆ್ಯಪ್‌ಗಳೂ ಇಲ್ಲ. ಕೆಲವು ಹಳೆಯ ಪ್ರಿಂಟರ್‌ಗಳು ಮುನಿಸಿಕೊಳ್ಳುತ್ತವೆ. ಇಂಟರ್ನೆಟ್ ಇಲ್ಲದಾಗ ಕೆಲಸ ಮಾಡಬೇಕಿದ್ದರೆ ಬೇಕಾದ ಕಡತಗಳನ್ನು ಮೊದಲೇ ಆಫ್‌ಲೈನ್‌ಗೆ ಸಿದ್ಧಮಾಡಿಕೊಂಡಿರಬೇಕು. ಗಡಿಯಲ್ಲಿದ್ದು ಕನ್ನಡ ಉಳಿಸಿಕೊಂಡ ನಮಗೆ ಮತ್ತೊಂದು ಎಚ್ಚರಿಕೆ: ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಹಾಡು, ನಾಟಕ, ಸಂಘದ ವರದಿಗಳು ಇಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣಬಹುದು. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ನಮ್ಮ ಕುಟುಂಬದ ಚಿತ್ರಗಳು, ದಾಖಲೆಗಳು ಎಲ್ಲಿರುತ್ತವೆ? ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ, ಇನ್ನೊಬ್ಬರ ಉಗ್ರಾಣ. ಅದರ ನಿಯಮ ಅವರದು. ಗೂಗಲ್ ಉಚಿತವಾಗಿ ಕೊಡುವ ಜಾಗ ಈಮೇಲ್, ಚಿತ್ರ, ಕಡತ ಎಲ್ಲಕ್ಕೂ ಸೇರಿ 15 ಜಿಬಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅವರು ಅಳಿಸಬಹುದು. ಉಗ್ರಾಣವೇ ಮುಚ್ಚುವುದೂ ಉಂಟು. ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗಳಿಗಾಗಿ ಫ್ರಾನ್ಸಿನಲ್ಲಿ ಹುಟ್ಟಿದ ಜೋಲಿಕ್ಲೌಡ್ ಇಂಥದ್ದೇ ವ್ಯವಸ್ಥೆಯಾಗಿತ್ತು. 2016ರಲ್ಲಿ ಅದು ಬಾಗಿಲು ಹಾಕಿತು.

ಇನ್ನೂ ಒಂದು ಮಾತು. ಮನೆಯ ಯಜಮಾನ ತೀರಿಕೊಂಡರೆ ಪಾಸ್‌ವರ್ಡ್ ಅವರೊಂದಿಗೇ ಹೋಗುತ್ತದೆ. ಕೊಲ್ಲಿ ದೇಶದಲ್ಲಿರುವ ಮಗ ಕಳಿಸಿದ ಮೊಮ್ಮಕ್ಕಳ ಚಿತ್ರಗಳು ಬೀಗದೊಳಗೇ ಉಳಿಯುತ್ತವೆ. ಇದಕ್ಕೆ ಗೂಗಲ್ ಖಾತೆಯಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬ ಏರ್ಪಾಡಿದೆ. ಖಾತೆ ಬಹಳ ಕಾಲ ಸುಮ್ಮನಿದ್ದರೆ ಅದರಲ್ಲಿರುವುದು ಯಾರ ಕೈಗೆ ಸಿಗಬೇಕೆಂದು ಮೊದಲೇ ಬರೆದಿಡಬಹುದು. ಮನೆಮಂದಿ ಕುಳಿತು ಮಾತಾಡಿ ಇದನ್ನು ಮಾಡಿಬಿಡಿ.

ಹಳೆಯ ಲ್ಯಾಪ್‌ಟಾಪನ್ನು ಈಗಲೇ ಎಸೆಯಬೇಡಿ. ಮೊದಲು ಅದರಲ್ಲಿರುವುದನ್ನೆಲ್ಲ ಬೇರೊಂದು ಹಾರ್ಡ್‌ಡಿಸ್ಕ್‌ಗೆ ಹಾಕಿಕೊಳ್ಳಿ. ಒಂದು ವಾರ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಮನಸ್ಸಿಗೆ ಒಪ್ಪಿದರೆ ಇನ್‌ಸ್ಟಾಲ್ ಮಾಡಿ, ಒಪ್ಪದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು. ಆದರೆ ಕ್ಲೌಡ್‌ನಲ್ಲಿ ಏನೇ ಇಡಿ, ಅದರ ಒಂದು ಪ್ರತಿ ನಿಮ್ಮ ಮನೆಯ ಕಪಾಟಿನಲ್ಲೂ ಇರಲಿ.