ದೊಡ್ಡ ಕಟ್ಟಡಗಳೂ ವಿದ್ಯುತ್ತಿನ ಮಿತವ್ಯಯವೂ

ಸತ್ಯಮಂಗಲದ ಕೈಗಾರಿಕಾ ಪ್ರದೇಶವನ್ನೊಳಗೊಂಡ ತುಮಕೂರು ನಗರವು ದಿನೇದಿನೇ ಬೆಳೆಯುತ್ತಿರುವುದಷ್ಟೆ. ದೊಡ್ಡ ಕಚೇರಿ, ಅಂಗಡಿ, ಹೋಟೆಲುಗಳನ್ನು ಕಟ್ಟಿಸತಕ್ಕವರು ತಿಳಿದಿರಬೇಕಾದ ಒಂದು ವಿಷಯವನ್ನು ಈ ತಿಂಗಳು ವಾಚಕರಲ್ಲಿ ಅರಿಕೆಮಾಡುತ್ತೇವೆ.

೨೦೦೧ನೆಯ ಇಸವಿಯ ಇಂಧನ ಸಂರಕ್ಷಣಾ ಕಾಯಿದೆಯನ್ನನುಸರಿಸಿ ೨೦೦೭ರಲ್ಲಿ ಕಟ್ಟಡಗಳಿಗಾಗಿ ಒಂದು ಸಂಹಿತೆಯು ಹೊರಟಿತು. ೨೦೧೭ರಲ್ಲಿ ಅದು ಪರಿಷ್ಕೃತವಾಯಿತು. ೧೦೦ ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟ ವಿದ್ಯುತ್ ಭಾರವುಳ್ಳ ವಾಣಿಜ್ಯ ಕಟ್ಟಡಗಳು ಅದರ ವ್ಯಾಪ್ತಿಗೆ ಸೇರುತ್ತವೆ. ೨೦೨೨ರ ತಿದ್ದುಪಡಿಯು ಅಷ್ಟೇ ಭಾರದ ವಸತಿ ಕಟ್ಟಡಗಳಿಗೂ ಎಡೆಮಾಡಿದೆ. ನಮ್ಮ ರಾಜ್ಯದಲ್ಲಿ ಈ ಕಾರ್ಯದ ಹೊಣೆಯು ಕ್ರೆಡೆಲ್ ಸಂಸ್ಥೆಯದು.

ನೂರು ಕಿಲೋವಾಟೆಂದರೆ ಎಷ್ಟು? ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಮನೆಯೊಂದಕ್ಕೆ ತಿಂಗಳಿಗೆ ಗೊತ್ತುಮಾಡಿದ ಮೇರೆಯು ೨೦೦ ಯೂನಿಟ್ಟು. ಪೂರ್ಣಭಾರದಲ್ಲಿ ನಡೆಯುವ ಇಂತಹ ಕಟ್ಟಡವು ಅಷ್ಟನ್ನು ಎರಡೇ ಗಂಟೆಗಳಲ್ಲಿ ನುಂಗಿಬಿಡುವುದು!

ಆದುದರಿಂದ ನಿಯಮಗಳ ಯೋಚನೆಯು ನಕ್ಷೆ ಬರೆಯುವಾಗಲೇ ಆಗತಕ್ಕದ್ದು. ದೀಪವನ್ನೂ ಹವಾನಿಯಂತ್ರಣ ಯಂತ್ರವನ್ನೂ ಮುಂದೆ ಬದಲಾಯಿಸಬಹುದು. ಪಡುವಣ ಬಿಸಿಲಿಗೆ ಮೈಯೊಡ್ಡಿದ ಗಾಜಿನ ಗೋಡೆಯನ್ನು ತಿರುಗಿಸಲಾಗದು. ಕಿಟಕಿಗೆ ನೆರಳು, ಛಾವಣಿಗೆ ಶಾಖವನ್ನು ತಡೆಯುವ ಪದರ, ಗಾಜಿನಲ್ಲಿ ಮಿತಿ, ಇವು ಮೊದಲು. ಯಂತ್ರಗಳ ಆಯ್ಕೆ ಆಮೇಲೆ.

ಮಂಜೂರಾತಿಗೆ ಒಂದು ಲೆಕ್ಕವನ್ನು ತೋರಿಸಿ, ಅಗ್ಗದ ಸಾಮಾನಿನಿಂದ ಬೇರೊಂದನ್ನು ಕಟ್ಟಿಸಿದರೆ ಅಧಿಕಾರಿಯ ಕಣ್ಣು ತಪ್ಪಿಸಬಹುದು. ಮೀಟರಿನ ಕಣ್ಣು ತಪ್ಪಿಸಲಾಗದು. ಆ ದಂಡವನ್ನು ತಿಂಗಳು ತಿಂಗಳೂ ತೆರುವವರು ಬಾಡಿಗೆದಾರರು. ಮಳಿಗೆಯನ್ನು ಬಾಡಿಗೆಗೆ ಹಿಡಿಯುವ ಗೃಹಸ್ಥರು ಕರಾರಿಗೆ ರುಜು ಹಾಕುವ ಮುನ್ನ ಹಿಂದಿನ ವರ್ಷದ ವಿದ್ಯುತ್ ಬಿಲ್ಲುಗಳನ್ನು ತರಿಸಿ ನೋಡುವುದು ಶ್ರೇಯಸ್ಕರ.