ಮನೆಯೊಳಗಿನ ಸ್ವರಾಜ್ಯ

ಹತ್ತನೆಯ ತರಗತಿ ಮುಗಿಸಿ ರಾಯಚೂರಿನಲ್ಲಿ ಓದುವೆನೆಂಬ ಮಗನನ್ನು ನೀರಮಾನ್ವಿಯಂಥ ಊರುಗಳ ತಂದೆತಾಯಿಗಳು ಅವಿಧೇಯನೆಂದು ಬಗೆಯುವುದುಂಟು. ಹೊಲಕ್ಕೆ ಒಂದು ಕೈ ಕಡಮೆಯಾಗುವ ಚಿಂತೆಯನ್ನು ನಾವು ಬಲ್ಲೆವು. ಆದರೂ ಆ ತೀರ್ಮಾನವನ್ನು ಒಪ್ಪಲಾರೆವು. ಇದೇ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಜನಿಸಿದ ದಾಸಪ್ಪನು ಬಡತನದ ಬೇಗೆಯಿಂದ ಎಳೆಯ ಪ್ರಾಯದಲ್ಲಿಯೇ ಮನೆಬಿಟ್ಟು ಕಾಶಿಗೆ ಹೋದನೆಂದು ಸಂಪ್ರದಾಯವು ಹೇಳುತ್ತದೆ. ಆತನು ಮರಳಿ ಬಂದನು. ಮುಂದೆ ವಿಜಯದಾಸರೆಂದು ನಾಡಿಗೆ ಪೂಜ್ಯನಾದನು. ಹೊಸ್ತಿಲು ದಾಟಿದ ಮಾತ್ರಕ್ಕೆ ಕರುಳಿನ ಬಳ್ಳಿ ಕಡಿಯದು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಸೀಮೆಯವರು ಮನೆಯ ಮಕ್ಕಳ ಮಾತನ್ನು ಅಡಗಿಸುವುದು ನ್ಯಾಯವೇ? ತರುಣರೂ ಅರಿಯಬೇಕು: ಸ್ವಾತಂತ್ರ್ಯವು ಸ್ವೇಚ್ಛೆಯಲ್ಲ, ತಿಂಗಳ ಖರ್ಚಿಗೆ ಹಣ ಕಳುಹುವ ತಂದೆಗೆ ಲೆಕ್ಕ ಒಪ್ಪಿಸುವುದು ದಾಸ್ಯವಲ್ಲ. ತಂದೆಯು ಹಿಡಿತವನ್ನು ಸಡಿಲಿಸಲಿ. ಮಗನು ಹೊಣೆಯನ್ನು ಹೊರಲಿ.